ಹೊಸದಕ್ಕೆ ಕತ್ತರಿ

ನಮ್ಮ ಮನೆಯಲ್ಲಿ ಹೊಸ ವಸ್ತು ಅಂದರೆ ಅನುಮಾನ. ಅಮ್ಮ ಬಟ್ಟೆ ಹೊಲಿಯುವವಳಲ್ಲ, ಯಾರೋ ಹೊಲಿದ ಬಟ್ಟೆಯನ್ನು ಸರಿಮಾಡುವವಳು. ಉದ್ದ ಪ್ಯಾಂಟನ್ನು ಗಿಡ್ಡ ಮಾಡುವುದು, ಬಿಗಿಯಾದ ಸೊಂಟ ಬಿಡಿಸುವುದು, ಕೆಟ್ಟ ಜಿಪ್ಪು ಕಿತ್ತು ಬೇರೆ ಹಾಕುವುದು, ತಂದೆಯ ಕೋಟನ್ನು ಮಗನ ಭುಜಕ್ಕೆ ಇಳಿಸುವುದು. ಮನೆಯ ಮುಂದಿನ ಕೋಣೆಯೇ ಅಂಗಡಿ. ಎರಡು ಹೊಲಿಗೆ ಯಂತ್ರ, ಒಂದು ಅಗಲದ ಮೇಜು, ಗೋಡೆಯುದ್ದಕ್ಕೂ ತಮ್ಮ ಸರದಿಗೆ ಕಾಯುತ್ತ ನೇತಾಡುವ ಪ್ಯಾಂಟುಗಳು. ಅವುಗಳ ಕಾಲ ಸಂದಿಯಲ್ಲಿ ನುಗ್ಗಿಯೇ ನಾವು ಶಾಲೆಗೆ ಹೋಗಿ ಬಂದವರು. ಇಂಥ ಕೋಣೆಯಲ್ಲಿ ವರ್ಷಗಟ್ಟಲೆ ಕೂತವಳಿಗೆ ಒಂದು ಸಿದ್ಧಾಂತ ಹುಟ್ಟದೆ ಇರುತ್ತದೆಯೇ.

"ಹೊಸ ಬಟ್ಟೆ ನೀರಿಗೆ ಹಾಕೋವರೆಗೂ ಸಾಚಾ," ಅನ್ನುತ್ತಾಳೆ ಅಮ್ಮ. "ಆಮೇಲೆ ಕುಗ್ಗುತ್ತೆ, ಬಣ್ಣ ಬಿಡುತ್ತೆ, ಸೊಟ್ಟಗಾಗುತ್ತೆ. ಹಳೇದು ಹಾಗಲ್ಲ. ಮಾಡೋ ಮೋಸವನ್ನೆಲ್ಲ ಬೇರೆಯವರಿಗೆ ಮಾಡಿ ಮುಗಿಸಿಯೇ ನಮ್ಮ ಹತ್ತಿರ ಬಂದಿರುತ್ತೆ."

ಈ ಸಿದ್ಧಾಂತದ ಪೂರ್ತಿ ಭಾರ ಬಿದ್ದದ್ದು ನನ್ನ ಮೇಲೆ. ಅಕ್ಕ ಉದ್ದ, ನಾನು ಗಿಡ್ಡ. ಮನೆಯಲ್ಲಿ ನನ್ನನ್ನು ಕರೆಯುವುದೇ ಗಿಡ್ಡಿ ಎಂದು. ಅಕ್ಕನ ಸಮವಸ್ತ್ರ, ಅಕ್ಕನ ಸ್ವೆಟರು, ಅಕ್ಕನ ಚಪ್ಪಲಿ, ಅಕ್ಕ ಚಿತ್ರಗಳಿಗೆಲ್ಲ ಮೀಸೆ ಬರೆದಿಟ್ಟ ಪಾಠಪುಸ್ತಕ, ಎಲ್ಲವೂ ಕೆಳಗಡೆ ಒಂದಿಷ್ಟು ಗಿಡ್ಡವಾಗಿ ನನಗೆ ಬರುತ್ತಿದ್ದವು. ಪುಸ್ತಕ ಒಂದನ್ನು ಗಿಡ್ಡ ಮಾಡುತ್ತಿರಲಿಲ್ಲ. ಕಾಲೇಜಿಗೆ ಸೇರಿ ಫಿಸಿಯೋಥೆರಪಿ ಕಲಿತದ್ದಕ್ಕೂ ಒಳಗಿನ ಕಾರಣ ಇದೇ ಇರಬೇಕು: ಅಕ್ಕ ಓದದ ವಿಷಯ ಅದೊಂದೇ ಇತ್ತು.

ಈಗ ನನ್ನ ಕೆಲಸ ಮನೆಮನೆಗೆ ಹೋಗಿ ಹಿಡಿದುಕೊಂಡ ಮಂಡಿ, ಮರಗಟ್ಟಿದ ಭುಜ, ಬಿದ್ದು ಮುರಿದು ಕೂಡಿದ ಸೊಂಟಗಳನ್ನು ಬಗ್ಗಿಸಿ ಅವರವರಿಂದ ಬೈಸಿಕೊಳ್ಳುವುದು. ಬೆನ್ನಿಗೆ ಯಂತ್ರದ ಚೀಲ, ಕಂಕುಳಲ್ಲಿ ಸುತ್ತಿದ ಚಾಪೆ, ಬಸ್ಸಿನಲ್ಲಿ ಎಲ್ಲರ ಕಣ್ಣಿಗೂ ಆ ಚಾಪೆ ಚುಚ್ಚುತ್ತಿತ್ತು. ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗಲು ಎರಡು ಬಸ್ಸು ಬದಲಿಸಬೇಕು. ಅಷ್ಟು ಹೊತ್ತಿಗೆ ನನ್ನ ಸೊಂಟವೇ ಹಿಡಿದುಕೊಂಡಿರುತ್ತಿತ್ತು. ಹಾಗಾಗಿ ಬೈಕು ಬೇಕು ಅನ್ನುವುದರಲ್ಲಿ ಮನೆಯಲ್ಲಿ ಯಾರಿಗೂ ತಕರಾರಿರಲಿಲ್ಲ. ಸ್ಕೂಟರ್ ಅಂದವರ ಜೊತೆ ನಾನು ಮಾತು ಬಿಟ್ಟಿದ್ದೆ. ಗೆಳತಿಯ ಬೈಕಿನಲ್ಲಿ ಕಲಿತು ಲೈಸೆನ್ಸ್ ತೆಗೆದುಕೊಂಡಾಗಿತ್ತು, ಸಂಬಳದಲ್ಲಿ ಉಳಿಸಿಯೂ ಆಗಿತ್ತು. ತಕರಾರು ಇದ್ದದ್ದು ಒಂದೇ. ಹೊಸದೋ, ಹಳೇದೋ.

"ಹಳೇದು," ಅಂದಳು ಅಮ್ಮ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

"ಹಳೇದೇ," ಅಂದಳು ಅಕ್ಕ. ಅವಳು ಅಂಗಡಿಯಲ್ಲಿ ಎರಡನೇ ಯಂತ್ರದವಳು. ಅಮ್ಮನ ಮಾತಿಗೆ ಅಂಚು ಹೊಲಿಯುವುದೂ ಅವಳ ಕೆಲಸ.

"ಹೊಸದು," ಅಂದರು ಭಾವ. ಅಕ್ಕನ ಗಂಡ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೆಲಸ. ಜನ್ಮದಲ್ಲಿ ಸೈಕಲ್ ಕೂಡ ತುಳಿದವರಲ್ಲ. ಆದರೆ ಫೋನಿನಲ್ಲಿ ಬೈಕುಗಳ ವಿಡಿಯೋ ನೋಡಿ ನೋಡಿ ಅರ್ಧ ಮೆಕ್ಯಾನಿಕ್ ಆಗಿದ್ದರು. "ವಾರಂಟಿ ಇರುತ್ತೆ. ಹಳೇ ಇಂಜಿನ್ ಒಳಗೆ ಏನಾಗಿದೆ ಅಂತ ಯಾರಿಗೆ ಗೊತ್ತು?"

"ನಿಮ್ಮ ಒಳಗೆ ಏನಾಗಿದೆ ಅಂತ ನೋಡಿ ಮದುವೆ ಆದೆನಾ ನಾನು?" ಅಂದಳು ಅಕ್ಕ.

"ನಾನು ಹೊಸಬನೇ ಆಗಿದ್ದೆನಲ್ಲೇ."

"ಅದಕ್ಕೇ ಇವತ್ತಿಗೂ ಕುಗ್ತಾ ಇದ್ದೀರ."

ಅವರಿಬ್ಬರ ಜಗಳದಲ್ಲಿ ನನ್ನ ಬೈಕು ಕಳೆದುಹೋಗುತ್ತಿತ್ತು. ನಾನು ದನಿ ಎತ್ತರಿಸಿ ಹೇಳಿದೆ: "ನನಗೆ ಹೊಸದು ಬೇಕು. ವಾರಂಟಿಗಲ್ಲ. ನನಗಿಂತ ಮುಂಚೆ ಯಾರೂ ಕೂತಿರಬಾರದು, ಅಷ್ಟೇ. ಒಂದು ವಸ್ತುವಾದರೂ ಮೊದಲು ನನ್ನದಾಗಿ ಹುಟ್ಟಲಿ."

ಅಮ್ಮ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದೇ ತೆಗೆದು ದಿಂಬಿಗೆ ಚುಚ್ಚಿದಳು. ಹೀಗೆ ಮಾಡಿದಳೆಂದರೆ ಮಾತು ಉದ್ದವಿದೆ ಎಂದರ್ಥ. ಆದರೆ ಉದ್ದ ಮಾತಾಡಲು ಅವಳಿಗೆ ಅವಕಾಶವಾಗಲಿಲ್ಲ. ಬಾಗಿಲಲ್ಲಿ ಪಿಟೀಲು ಮೇಷ್ಟ್ರು ನಿಂತಿದ್ದರು.

ಪಿಟೀಲು ಮೇಷ್ಟ್ರು ಹಿಂದಿನ ಬೀದಿಯವರು. ಮಕ್ಕಳ ಮನೆಗೆ ಹೋಗಿ ಪಾಠ ಹೇಳುತ್ತಾರೆ. ಬೆನ್ನಿಗೆ ಪಿಟೀಲಿನ ಪೆಟ್ಟಿಗೆ ಹಾಕಿಕೊಂಡರೆ ಹಿಂದಿನಿಂದ ಪೆಟ್ಟಿಗೆಗೇ ಕಾಲು ಬಂದ ಹಾಗೆ ಕಾಣುತ್ತಾರೆ. ಅಷ್ಟು ಗಿಡ್ಡ. ಕೈಯಲ್ಲಿ ಮಂಡಿ ಹರಿದ ಪ್ಯಾಂಟು ಇತ್ತು.

"ಇದು ಮೊನ್ನೆ ಹರಿದದ್ದಲ್ವಾ ಮೇಷ್ಟ್ರೇ? ಎಡಗಡೆ ಮಂಡಿ ಹೊಲಿದುಕೊಟ್ಟಿದ್ದೆ," ಅಂದಳು ಅಮ್ಮ.

"ಅದು ಎಡಗಡೆ. ಇದು ಬಲಗಡೆ," ಅಂದರು ಮೇಷ್ಟ್ರು ನಾಚಿಕೊಂಡು. "ಈ ಸಲ ಆ ಕಡೆಗೆ ಬಿದ್ದೆ."

ಸಂಗತಿ ಏನೆಂದರೆ, ಮೇಷ್ಟ್ರ ಅಳಿಯ ಅವರಿಗೊಂದು ಬೈಕು ಆರಿಸಿ ಕೊಡಿಸಿದ್ದ. ಅಳಿಯ ಆರಡಿ ಆಳು. ತನ್ನ ಕಾಲಿಗೆ ಸರಿಹೋಗುವುದನ್ನೇ ಆರಿಸಿದ್ದ. ಮೇಷ್ಟ್ರು ಓಡಿಸುವಾಗ ರಾಜ. ನಿಲ್ಲಿಸುವಾಗ ಮಾತ್ರ ಕಾಲು ನೆಲ ಹುಡುಕುತ್ತ ಹೋಗುತ್ತಿತ್ತು, ಸಿಗುತ್ತಿರಲಿಲ್ಲ. ಎರಡನೇ ಸಲ ಬಿದ್ದದ್ದು ಶಿಷ್ಯರ ಮುಂದೆ. ಪಿಟೀಲನ್ನು ಎದೆಗೆ ಅವಚಿಕೊಂಡು ಬಿದ್ದುದರಿಂದ ಪಿಟೀಲು ಉಳಿಯಿತು, ಮರ್ಯಾದೆ ಉಳಿಯಲಿಲ್ಲ.

"ಮಾರಿಬಿಡ್ತೀನಿ. ಕೆಲವೇ ತಿಂಗಳು ಓಡಿದೆ. ಯಾರಾದ್ರೂ ಬೇಕು ಅಂದ್ರೆ ಹೇಳಿ."

ಅಮ್ಮ, ಅಕ್ಕ ಇಬ್ಬರೂ ಒಟ್ಟಿಗೇ ನನ್ನ ಕಡೆ ತಿರುಗಿದರು. ನಾನು ಗೋಡೆಯ ಪ್ಯಾಂಟುಗಳ ಕಡೆ ತಿರುಗಿದೆ.

ಮಾರನೆಯ ಬೆಳಿಗ್ಗೆ ಮೇಷ್ಟ್ರು ಬೈಕನ್ನು ತಳ್ಳಿಕೊಂಡೇ ತಂದರು. "ಸಂಜೆವರೆಗೆ ಇಟ್ಟುಕೊಳ್ಳಿ. ಓಡಿಸಿ ನೋಡಿ. ಇಷ್ಟ ಆದ್ರೆ ಮಾತಾಡೋಣ, ಇಲ್ಲದಿದ್ರೆ ತಗೊಂಡು ಹೋಗ್ತೀನಿ," ಅಂದು ನಿರಾಳವಾಗಿ ನಡೆದುಹೋದರು. ಹೊರಗೆ ಬಿಸಿಲು ಎಂದು ಭಾವ ಅದನ್ನು ಮೆಟ್ಟಿಲಿಗೆ ಹಲಗೆ ಇಟ್ಟು ತಳ್ಳಿ ಅಂಗಡಿಯೊಳಗೇ ತಂದು ನಿಲ್ಲಿಸಿದರು. ನೇತಾಡುವ ಪ್ಯಾಂಟುಗಳ ಕೆಳಗೆ ಕಡುನೀಲಿ ಬೈಕು ಒಂದು ಸಾಧು ಎಮ್ಮೆಯ ಹಾಗೆ ನಿಂತಿತು.

ಆಮೇಲೆ ನಮ್ಮ ಮನೆಯವರು ಅದನ್ನು ಪರೀಕ್ಷೆ ಮಾಡಿದರು. ಆ ಪರೀಕ್ಷೆ ನೋಡಬೇಕಿತ್ತು. ಅಮ್ಮ ಸೀಟಿನ ಹೊಲಿಗೆಯ ಮೇಲೆ ಉಗುರು ಎಳೆದಳು. ಅಕ್ಕ ಟ್ಯಾಂಕಿನ ಬಣ್ಣಕ್ಕೂ ಪಕ್ಕದ ಮುಚ್ಚಳದ ಬಣ್ಣಕ್ಕೂ ನೂಲುಂಡೆ ಹಿಡಿದು ತಾಳೆ ನೋಡಿದಳು. ಭಾವ ತಮ್ಮ ಅಂಗಡಿಯ ಮೆತ್ತನೆ ಬಟ್ಟೆಯಿಂದ ಮುಂದಿನ ದೀಪದ ಗಾಜು ಒರೆಸಿ, ಒಂದು ಕಣ್ಣು ಮುಚ್ಚಿ, "ಒಂದೂ ಗೀರಿಲ್ಲ," ಎಂದು ತೀರ್ಪು ಕೊಟ್ಟರು. ಇಂಜಿನ್ನನ್ನು ಯಾರೂ ಮುಟ್ಟಲಿಲ್ಲ. ಅದು ಕೆಳಗೆ, ನಮಗೆ ಸಂಬಂಧವಿಲ್ಲದ ಬಾಡಿಗೆದಾರನ ಹಾಗೆ ಸುಮ್ಮನೆ ಇತ್ತು.

"ಹತ್ತು ನೋಡೋಣ," ಅಂದಳು ಅಮ್ಮ.

ಹತ್ತಿದೆ. ಎರಡೂ ಕಾಲಿನ ಹೆಬ್ಬೆರಳು ಮಾತ್ರ ನೆಲಕ್ಕೆ ತಾಗಿದವು. ನೃತ್ಯ ಮಾಡಲು ಹೊರಟು ಮನಸ್ಸು ಬದಲಿಸಿದವಳ ಹಾಗೆ ಕೂತೆ. ಒಳಗೊಳಗೇ ಖುಷಿಯಾಯಿತು.

"ನೋಡಿದ್ಯಾ, ಎಟುಕಲ್ಲ. ಇದು ಬೇಡ," ಅಂದೆ.

ಅಮ್ಮ ತಲೆ ಒಂದು ಕಡೆ ವಾಲಿಸಿ ನನ್ನ ಹಿಮ್ಮಡಿಗೂ ನೆಲಕ್ಕೂ ನಡುವಿನ ಗಾಳಿಯನ್ನು ನೋಡುತ್ತಿದ್ದಳು. ಆ ನೋಟ ನನಗೆ ಗೊತ್ತಿರಬೇಕಿತ್ತು. ನನ್ನ ಬಾಲ್ಯವೆಲ್ಲ ಆ ನೋಟದ ಕೆಳಗೇ ಕಳೆದದ್ದು. ಆದರೆ ಭುಜ ಮರಗಟ್ಟಿದ ಒಬ್ಬ ನಿವೃತ್ತ ನ್ಯಾಯಾಧೀಶರು ಕಾಯುತ್ತಿದ್ದರು. ಚಾಪೆ ಸುತ್ತಿಕೊಂಡು ಬಸ್ಸಿಗೆ ಓಡಿದೆ.

ಮಧ್ಯಾಹ್ನ ಬಂದು ನೋಡಿದರೆ ಬೈಕಿಗೆ ಸೀಟಿಲ್ಲ.

ಸೀಟು ಮೇಜಿನ ಮೇಲೆ ಮಲಗಿತ್ತು. ಅದರ ಕಪ್ಪು ರೆಕ್ಸಿನ್ ಹೊದಿಕೆ ಚರ್ಮ ಸುಲಿದ ಹಾಗೆ ಪೂರ್ತಿ ಕಳಚಿ, ಒಳಗಿನ ಹಳದಿ ಸ್ಪಂಜು ಬತ್ತಲೆಯಾಗಿ ಕಾಣುತ್ತಿತ್ತು. ಸ್ಪಂಜಿನ ಮೇಲೆ ಸೀಮೆಸುಣ್ಣದ ಗೆರೆ. ಗೆರೆಯ ಮೇಲಿನ ಭಾಗ ಈಗಾಗಲೇ ಒಂದು ದಪ್ಪ ಹಾಳೆಯಾಗಿ ಪಕ್ಕಕ್ಕೆ ಬಂದಿತ್ತು. ಅಮ್ಮ ಸ್ಪಂಜಿನ ಅಂಚನ್ನು ಬ್ಲೇಡಿನಿಂದ ಸವರುತ್ತ ಗುನುಗುತ್ತಿದ್ದಳು. ಅಕ್ಕ ಹೊದಿಕೆಯ ಪಕ್ಕಗಳನ್ನು ಹಿಡಿದು ಹೊಸ ಹೊಲಿಗೆ ಹಾಕುತ್ತಿದ್ದಳು.

"ಏನು ಮಾಡ್ತಿದ್ದೀರ?"

"ನಿನ್ನ ಅಳತೆಗೆ ಇಳಿಸ್ತಾ ಇದ್ದೀನಿ," ಅಂದಳು ಅಮ್ಮ. "ಮುಂದುಗಡೆ ಅಗಲ ಜಾಸ್ತಿ ಇತ್ತು, ಅದಕ್ಕೇ ನಿನ್ನ ತೊಡೆ ಪಕ್ಕಕ್ಕೆ ಹೋಗಿ ಕಾಲು ಗಿಡ್ಡ ಆಗ್ತಿತ್ತು. ಎತ್ತರ ಅಷ್ಟೇ ಅಲ್ಲ, ಅಗಲವೂ ತಿನ್ನುತ್ತೆ ಕಾಲನ್ನ."

"ಅಮ್ಮ, ಇದು ಮೇಷ್ಟ್ರ ಬೈಕು."

"ಗೊತ್ತು."

"ನಾವಿನ್ನೂ ಕೊಂಡಿಲ್ಲ."

ಬ್ಲೇಡು ನಿಂತಿತು. ಅಕ್ಕನ ಯಂತ್ರವೂ ನಿಂತಿತು. ಅಮ್ಮ ಸೀಟನ್ನೂ ಬೈಕನ್ನೂ ನನ್ನನ್ನೂ ಒಂದು ಸುತ್ತು ನೋಡಿದಳು.

"ಅಯ್ಯೋ, ಹೌದಲ್ವೇ," ಅಂದಳು.

ತಪ್ಪು ಹೇಗಾಯಿತು ಅನ್ನುವುದು ನನಗೆ ತಕ್ಷಣ ಹೊಳೆಯಿತು. ಈ ಹೊಸ್ತಿಲು ದಾಟಿ ಒಳಗೆ ಬಂದದ್ದು ಯಾವುದೂ ಹಾಗೇ ಆಚೆ ಹೋದದ್ದಿಲ್ಲ. ಒಳಗೆ ಬಂದು ನಿಂತಿದೆ, ಯಾರಿಗೋ ಉದ್ದವಾಗಿದೆ, ಅಂದಮೇಲೆ ಗಿಡ್ಡ ಮಾಡಬೇಕು. ಯಾರದು ಎಂದು ಕೇಳುವ ಅಭ್ಯಾಸ ಈ ಕೈಗಳಿಗಿಲ್ಲ. ಒಮ್ಮೆ ನೀರಿನ ಮೀಟರ್ ನೋಡಲು ಬಂದವನು ನೀರು ಕುಡಿಯಲು ಕೋಟು ತೆಗೆದಿಟ್ಟಿದ್ದಕ್ಕೆ ಅದರ ತೋಳು ಗಿಡ್ಡವಾಗಿತ್ತು.

"ಅವನಿಗೂ ಸರಿಯಾಗೇ ಇತ್ತು ಆಮೇಲೆ," ಅಂದಳು ಅಕ್ಕ, ನಾನು ಏನು ನೆನೆಸಿಕೊಂಡೆ ಎಂದು ತಿಳಿದವಳ ಹಾಗೆ.

"ಈಗೇನು ಮಾಡೋದು?"

"ಮುಗಿಸೋದು," ಅಂದಳು ಅಮ್ಮ. "ಅರ್ಧ ಬಿಚ್ಚಿದ್ದನ್ನ ವಾಪಸ್ ಕೊಡೋಕಾಗುತ್ತಾ?"

ಮುಗಿಸಿದರು. ರೆಕ್ಸಿನ್ ಎಳೆದು ಬಿಗಿದು ಕೆಳಗೆ ಪಿನ್ನು ಹೊಡೆದದ್ದು ಭಾವ. ಮಧ್ಯಾಹ್ನದ ಊಟಕ್ಕೆ ಬಂದವರು ಸಿಕ್ಕಿಹಾಕಿಕೊಂಡಿದ್ದರು. ಸೀಟು ಕೂರಿಸಿ, ಬೈಕನ್ನು ಬೀದಿಗಿಳಿಸಿ, ನನ್ನನ್ನು ಹತ್ತಿಸಿದರು.

ಎರಡೂ ಪಾದ ಪೂರ್ತಿ ನೆಲಕ್ಕೆ ಕೂತವು. ಹೆಬ್ಬೆರಳು, ಕಿರುಬೆರಳು, ಹಿಮ್ಮಡಿ, ಎಲ್ಲ. ತೊಡೆಗಳು ಸೀಟನ್ನು ಹಿಡಿದ ರೀತಿ ನೋಡಿ ನನ್ನ ಓದೆಲ್ಲ ತಲೆದೂಗಿತು: ಬೆನ್ನು ನೆಟ್ಟಗೆ, ಭುಜ ಸಡಿಲ, ಸೊಂಟ ಎಲ್ಲಿರಬೇಕೋ ಅಲ್ಲಿ. ಸೆಲ್ಫ್ ಒತ್ತಿದೆ. ಬಾಡಿಗೆದಾರ ಎದ್ದು ಗುರುಗುಟ್ಟಿದ. ಕ್ಲಚ್ ಬಿಟ್ಟೆ.

ಮುಂದಿನದನ್ನು ಹೇಗೆ ಹೇಳಲಿ. ಬೇಕರಿಯ ವಾಸನೆ ಬಂತು, ಹೋಯಿತು. ಬಡಗಿಯ ಅಂಗಡಿಯ ಹೊಟ್ಟು ಮುಖಕ್ಕೆ ಹಾರಿತು. ನಾನು ದಿನಾ ಕಾಯುವ ಬಸ್ ನಿಲ್ದಾಣದಲ್ಲಿ ದಿನಾ ಕಾಯುವ ಅದೇ ಮುಖಗಳು ಸಾಲಾಗಿ ನಿಂತಿದ್ದವು. ಅವರ ಮುಂದೆಯೇ ಎರಡು ಸಲ ಹೋಗಿ ಬಂದೆ. ಎರಡನೇ ಸಲ ಸುಮ್ಮನೆ ನಿಲ್ಲಿಸಿದೆ, ಕಾಲು ಊರಬಹುದು ಎಂದು ತೋರಿಸಲು. ಒಬ್ಬರು, "ಏನಮ್ಮ, ಕೆಟ್ಟುಹೋಯ್ತಾ?" ಅಂದರು. "ಇಲ್ಲ, ಚೆನ್ನಾಗಿದೆ," ಅಂದೆ. ಕೆಂಪು ದೀಪ ಬಿದ್ದರೆ ಸಾಕಪ್ಪಾ ಅನ್ನಿಸುತ್ತಿತ್ತು. ನಿಲ್ಲುವುದೇ ಓಡುವುದಕ್ಕಿಂತ ಸುಖವಾಗಿತ್ತು. ಹೆಲ್ಮೆಟ್ಟಿನೊಳಗೆ ಹಲ್ಲು ಕಿರಿದು ಕಿರಿದು ಕೆನ್ನೆ ನೋಯತೊಡಗಿತು.

ಮನೆಗೆ ಬಂದು ಬೈಕು ನಿಲ್ಲಿಸಿ ಹೇಳಿದೆ: "ಇದೇ ಸಾಕು."

"ಹೊಸದು?" ಅಂದರು ಭಾವ, ಪಡೆ ಕೈಬಿಟ್ಟ ಸೈನಿಕನ ಹಾಗೆ.

"ಇದು ಹೊಸದೇ. ಈ ಸೀಟಿನ ಮೇಲೆ ನನಗಿಂತ ಮುಂಚೆ ಯಾರು ಕೂತಿದ್ದಾರೆ?"

ಅಮ್ಮ ನಗಲಿಲ್ಲ. ಗೆದ್ದಾಗ ಅವಳು ನಗುವುದಿಲ್ಲ, ಕತ್ತರಿ ಒರೆಸುತ್ತಾಳೆ. ಒರೆಸಿದಳು.

ಸಂಜೆ ಪಿಟೀಲು ಮೇಷ್ಟ್ರು ಬಂದರು. ಸೀಟನ್ನು ನೋಡಿ ಅವರ ಹುಬ್ಬು ಮೇಲೇರಿದವು. ಅಮ್ಮ ಒಂದೇ ಉಸಿರಿನಲ್ಲಿ ತಪ್ಪು ಒಪ್ಪಿಕೊಂಡಳು, ತಗೊಳ್ಳುವುದು ಖಂಡಿತ ಎಂದೂ ಸೇರಿಸಿದಳು.

"ಪರವಾಗಿಲ್ಲ ಬಿಡಿ ಅಮ್ಮ. ಮಾರೋ ವಸ್ತು," ಅಂದರು ಮೇಷ್ಟ್ರು. ಪಾಪ, ಒಳ್ಳೆಯವರು. "ಹೇಗೆ ಮಾಡಿದ್ದೀರ ನೋಡೋಣ," ಎಂದು ಕಾಲೆತ್ತಿ ಕೂತರು.

ಅವರು ಕೂತದ್ದು ನನಗೆ ಇಷ್ಟವಾಗಲಿಲ್ಲ. ಕೂತ ಮೇಲೆ ಅವರು ತಮ್ಮ ಪಾದಗಳನ್ನು ನೋಡಿಕೊಂಡದ್ದು ಇನ್ನೂ ಇಷ್ಟವಾಗಲಿಲ್ಲ. ಎರಡೂ ನೆಲದ ಮೇಲೆ, ಎರಡು ಇಸ್ತ್ರಿಪೆಟ್ಟಿಗೆ ಇಟ್ಟ ಹಾಗೆ ಕೂತಿದ್ದವು. ಎಡಕ್ಕೆ ವಾಲಿದರು. ಬಲಕ್ಕೆ ವಾಲಿದರು. ಬೀಳಲಿಲ್ಲ.

"ಒಂದು ಸುತ್ತು ಹೋಗಿಬರಲಾ?"

ಹೋದರು. ಬಹಳ ಹೊತ್ತು ಬರಲಿಲ್ಲ.

"ಪೆಟ್ರೋಲ್ ಖಾಲಿ ಆಗಿರಬೇಕು," ಅಂದರು ಭಾವ.

"ಅಲ್ಲ," ಅಂದೆ. "ಬಸ್ ನಿಲ್ದಾಣದ ಮುಂದೆ ಎರಡನೇ ಸಲ ಹೋಗ್ತಿರ್ತಾರೆ."

ಮೇಷ್ಟ್ರು ವಾಪಸ್ ಬಂದಾಗ ಅವರ ಕೂದಲೆಲ್ಲ ಹಿಂದಕ್ಕೆ ಹಾರಿ ನಿಂತಿತ್ತು. ಹತ್ತು ವರ್ಷ ಚಿಕ್ಕವರಾಗಿದ್ದರು. ಇಳಿಯಲಿಲ್ಲ.

"ಅಮ್ಮ, ತಪ್ಪು ತಿಳ್ಕೋಬೇಡಿ," ಅಂದರು.

"ಮೇಷ್ಟ್ರೇ, ಅದು ನನ್ನ ಅಳತೆ," ಅಂದೆ.

"ನನ್ನ ಅಳತೆಯೂ ಅದೇ ಮಗು. ಏನು ಮಾಡಲಿ, ಇಬ್ಬರನ್ನೂ ದೇವರು ಒಂದೇ ತುಂಡು ಬಟ್ಟೇಲಿ ಮುಗಿಸಿದ್ದಾನೆ."

"ಮಾರ್ತೀನಿ ಅಂದ್ರಲ್ಲ."

"ಕಾಲು ಎಟುಕಲ್ಲ ಅಂತ ಮಾರ್ತೀನಿ ಅಂದೆ. ಈಗ ಎಟುಕುತ್ತೆ. ಕಾರಣವೇ ಹೋಯ್ತಲ್ಲ."

ಅಕ್ಕ ಸುಮ್ಮನಿರದೆ ಮೇಷ್ಟ್ರನ್ನು ಇಳಿಸಿ, ನಮ್ಮಿಬ್ಬರನ್ನೂ ಗೋಡೆಗೆ ನಿಲ್ಲಿಸಿ ಸೊಂಟದಿಂದ ಪಾದದವರೆಗೆ ಅಳೆದಳು. ಸಮ. ಒಂದು ನೂಲೆಳೆಯೂ ಆಚೀಚೆ ಇಲ್ಲ. ಮೇಷ್ಟ್ರು ವಿನಯದಿಂದ ತಲೆ ಬಗ್ಗಿಸಿದರು. ನಾನು ಅಮ್ಮನ ಕಡೆ ನೋಡಿದೆ. ಅವಳಿಗೆ ಹೆಮ್ಮೆಯೂ ಸಂಕಟವೂ ಒಟ್ಟಿಗೇ ಬಂದು, ಯಾವ ಮುಖ ಹಾಕಬೇಕೆಂದು ತಿಳಿಯದೆ ಗುಂಡುಸೂಜಿ ಕಚ್ಚಿಕೊಂಡಳು. ಬೈಕು ಮೇಷ್ಟ್ರದು, ನಾವು ಮುಂಗಡವಾಗಿ ಏನನ್ನೂ ಕೊಟ್ಟಿರಲಿಲ್ಲ, ಹೇಳದೆ ಕೇಳದೆ ಸೀಟು ಕತ್ತರಿಸಿದ್ದೂ ನಾವೇ. ಜಗಳಕ್ಕೆ ಒಂದು ಹಿಡಿ ಕೂಡ ಇರಲಿಲ್ಲ. ಮೇಷ್ಟ್ರು ಬೈಕಿನಲ್ಲಿ ಹೋದರು. ಬೀದಿಯ ತಿರುವಿನಲ್ಲಿ, ಯಾವ ಅಗತ್ಯವೂ ಇಲ್ಲದೆ, ಒಂದು ಸಲ ನಿಲ್ಲಿಸಿ ಎರಡೂ ಕಾಲು ಊರಿ, ಮತ್ತೆ ಹೋದರು.

"ಹೋಗ್ಲಿ ಬಿಡೇ ಗಿಡ್ಡಿ," ಅಂದಳು ಅಕ್ಕ. "ಬೆಳಿಗ್ಗೆವರೆಗೂ ಹಳೇದು ಬೇಡ ಅಂತ ಮುಖ ಊದಿಸಿಕೊಂಡಿದ್ದೆ."

"ಬೆಳಿಗ್ಗೆ ಬೇರೆ."

"ಈಗ ನೀನು ಅಳ್ತಾ ಇದ್ದೀಯೋ ನಗ್ತಾ ಇದ್ದೀಯೋ?"

ನನಗೂ ಗೊತ್ತಿರಲಿಲ್ಲ. ಸೀಟಿನ ಸಮೇತ ಮೋಸ ಹೋಗಿದ್ದೆ, ಮೋಸ ಮಾಡಿದವರು ಯಾರೂ ಇರಲಿಲ್ಲ. ಭಾವ ಮಾತ್ರ ಬುಗ್ಗೆಯ ಹಾಗೆ ಚಿಮ್ಮುತ್ತಿದ್ದರು. "ನಾಳೆ ಶೋರೂಮಿಗೆ," ಅಂದರು. "ನಾಳೆ ರಜಾ ಹಾಕ್ತೀನಿ."

ಶೋರೂಮು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನೆಲದಲ್ಲಿ ನಮ್ಮ ನಾಲ್ವರ ಚಪ್ಪಲಿಯ ಅಡಿಭಾಗ ಕಾಣುತ್ತಿತ್ತು. ಬೈಕುಗಳು ಸಾಲಾಗಿ ನಿಂತಿದ್ದವು. ಎಲ್ಲದರ ಸೀಟಿಗೂ ಪ್ಲಾಸ್ಟಿಕ್ ಹೊದಿಕೆ, ಎಲ್ಲದರಿಂದಲೂ ರಬ್ಬರಿನ ಹೊಸ ವಾಸನೆ. ನಾನು ಹೋಗಿ ನಿಂತದ್ದು ಕೆಂಪಿನ ಮುಂದೆ. ಆರಿಸಿದೆ ಅನ್ನುವಂತಿಲ್ಲ, ಕಾಲು ಅಲ್ಲಿಗೆ ಹೋಯಿತು.

"ಹತ್ತಿ ಮೇಡಂ," ಅಂದ ಟೈ ಕಟ್ಟಿದ ಮಾರಾಟದವನು.

ಹತ್ತಿದೆ. ಹೆಬ್ಬೆರಳು ತಾಗಿತು. ಪಕ್ಕದ್ದು ಹತ್ತಿದೆ. ಅದಕ್ಕೆ ಅದೂ ಇಲ್ಲ. ಕೊನೆಯ ಸಾಲಿನಲ್ಲಿದ್ದ ಒಂದಕ್ಕೆ ಪಾದ ಊರಿತು. ಆದರೆ ಅದು ನೋಡಲು ಹಾಲಿನವನ ಸೈಕಲ್ಲಿಗೆ ಇಂಜಿನ್ ಕಟ್ಟಿದ ಹಾಗಿತ್ತು. ಕೆಂಪಿಗೇ ವಾಪಸ್ ಬಂದೆ.

"ಅಭ್ಯಾಸ ಆಗುತ್ತೆ ಮೇಡಂ."

"ಕಾಲು ಬೆಳೆಯುತ್ತಾ ಅಭ್ಯಾಸಕ್ಕೆ?" ಅಂದಳು ಅಕ್ಕ.

"ಅಮ್ಮ, ಈ ಸೀಟೂ ಇಳಿಸ್ತೀಯಲ್ವಾ?" ಅಂದೆ.

ಅಮ್ಮ ಪ್ಲಾಸ್ಟಿಕ್ಕಿನ ಕೆಳಗೆ ಬೆರಳು ತೂರಿಸಿ ಹೊಲಿಗೆಯನ್ನು ಸವರಿದಳು. ಬಗ್ಗಿ ನೋಡಿದಳು. ಎರಡು ಸಾಲು ಕೆಂಪು ನೂಲಿನ ಹೊಲಿಗೆ, ಒಂದಕ್ಕೊಂದು ಸಮಾನಾಂತರ, ಎಲ್ಲೂ ಒಂದು ಹೊಲಿಗೆ ದೊಡ್ಡದಿಲ್ಲ ಚಿಕ್ಕದಿಲ್ಲ. ಅವಳ ಮುಖ ಮಗುವನ್ನು ನೋಡುವವರ ಮುಖದಂತಾಯಿತು. ಬೆರಳು ಹಿಂದಕ್ಕೆ ತೆಗೆದಳು.

"ಇದಕ್ಕೆ ಕತ್ತರಿ ಹಾಕೋಕೆ ನನ್ನಿಂದ ಆಗಲ್ಲ."

"ಯಾಕೆ?"

"ಹೊಸದು ಕಣೇ. ಯಾರೋ ಇಷ್ಟು ಚೆನ್ನಾಗಿ ಹೊಲಿದಿದ್ದಾರೆ. ಇನ್ನೂ ಯಾರೂ ಕೂತೇ ಇಲ್ಲ. ನಾನು ಹೊಸದಕ್ಕೆ ಕೈ ಹಾಕಿದವಳೇ ಅಲ್ಲ, ಕೈ ಏಳಲ್ಲ ನನಗೆ."

"ಸೀಟಿಗೆ ಕೈ ಹಾಕಿದ್ರೆ ವಾರಂಟಿಗೂ ತೊಂದರೆ ಮೇಡಂ," ಅಂದ ಮಾರಾಟದವನು ನಡುವೆ ಬಾಯಿ ಹಾಕಿ.

"ನೀನು ಸುಮ್ನಿರಪ್ಪ, ವಾರಂಟಿ ಮಾತಲ್ಲ ಇದು," ಅಂದರು ಭಾವ. ವಾರಂಟಿಗೆ ಎದುರಾಡಿದ್ದು ಅವರ ಜೀವನದಲ್ಲಿ ಅದೇ ಮೊದಲು.

ಪೇಚು ಈಗ ಸ್ಪಷ್ಟವಾಗಿತ್ತು. ಹಳೇದು ಕೊಂಡರೆ ಅಮ್ಮ ಎಷ್ಟು ಬೇಕಾದರೂ ಇಳಿಸುತ್ತಾಳೆ, ಪಾದ ಊರಿ ರಾಜನ ಹಾಗೆ ನಿಲ್ಲಬಹುದು. ಹೊಸದು ಕೊಂಡರೆ ಹೆಬ್ಬೆರಳಿನ ಮೇಲೆ ಬದುಕು. ನಮ್ಮೂರಲ್ಲಿ ಹಳೇ ಬೈಕು ಮಾರುವವರಿಗೇನು ಬರವಿಲ್ಲ, ಭಾವನ ಫೋನಿನ ತುಂಬ ಅವೇ ಇದ್ದವು. ಬುದ್ಧಿ ಇದ್ದವರು ಹಳೇದು ಅನ್ನುತ್ತಾರೆ. ನನ್ನ ರೋಗಿಗಳಿಗೆ ನಾನೂ ಅದನ್ನೇ ಹೇಳುತ್ತಿದ್ದೆ: ಕಾಲು ಊರದ ಕಡೆ ಕೂರಬೇಡಿ.

ಕೆಂಪಿನ ಟ್ಯಾಂಕಿನಲ್ಲಿ ನನ್ನ ಮುಖ ಅಗಲವಾಗಿ, ಗಿಡ್ಡವಾಗಿ, ಬಹಳ ಖುಷಿಯಾಗಿ ಕಾಣುತ್ತಿತ್ತು. ಅದರಲ್ಲಿ ಅದುವರೆಗೆ ಯಾರೂ ಮುಖ ನೋಡಿಕೊಂಡಿರಲಿಲ್ಲ. ಅಕ್ಕ ಇಣುಕಲು ಬಂದಳು. ಮೊಣಕೈಯಿಂದ ಅವಳನ್ನು ಆಚೆ ತಳ್ಳಿದೆ.

"ಇದೇ," ಅಂದೆ.

"ಎಟುಕಲ್ವಲ್ಲೇ," ಅಂದಳು ಅಮ್ಮ.

"ಎಟುಕದಿದ್ರೆ ಬೀಳ್ತೀನಿ. ಇದೇ."

ಕಾಗದಪತ್ರ ಮುಗಿದು ಬೈಕು ಕೈಗೆ ಬಂದ ದಿನ ಮನೆಯವರೆಲ್ಲ ಆಟೋದಲ್ಲಿ ಬಂದರು, ಆಟೋದಲ್ಲೇ ನನ್ನ ಹಿಂದೆ ಹೊರಟರು. ಸೀಟಿನ ಪ್ಲಾಸ್ಟಿಕ್ ತೆಗೆಯಲು ನಾನು ಬಿಡಲಿಲ್ಲ. ಕೂತರೆ ಚರಚರ ಸದ್ದು. ಅದೂ ನನ್ನದೇ. ಸಂಗೀತದಂತೆ ಕೇಳುತ್ತಿತ್ತು. ಮೊದಲ ಕೆಂಪು ದೀಪದಲ್ಲಿ ಪಾದಚಾರಿಗಳ ಕಟ್ಟೆಗೆ ಒರಗಿ ಒಂದು ಕಾಲು ಅದರ ಮೇಲಿಟ್ಟು ಪಾರಾದೆ. ಎರಡನೆಯದರಲ್ಲಿ ಒಂದು ಲಾರಿಯ ಪಕ್ಕ ನಿಂತು ಅದರ ಚಕ್ರದ ಮೇಲೆ ಕಾಲಿಟ್ಟೆ. ಲಾರಿಯವನು ಕಿಟಕಿಯಿಂದ ತಲೆ ಹಾಕಿ, "ಆರಾಮಾಗಿ ಇದ್ದೀಯೇನಮ್ಮ?" ಅಂದ. "ಹೊಸದು," ಅಂದೆ. ಅದೇ ಉತ್ತರ ಅನ್ನುವ ಹಾಗೆ ಅವನೂ ತಲೆಯಾಡಿಸಿದ. ಹಿಂದಿನ ಆಟೋದಿಂದ ಭಾವ ತಲೆ ಆಚೆ ಹಾಕಿ, "ಕ್ಲಚ್, ಕ್ಲಚ್," ಅನ್ನುತ್ತಿದ್ದರು. ಅಕ್ಕ ಅವರ ಅಂಗಿ ಹಿಡಿದು ಒಳಕ್ಕೆ ಎಳೆಯುತ್ತಿದ್ದಳು. ನನಗೆ ತಲೆ ತಿರುಗುವಷ್ಟು ಸಂತೋಷವಾಗಿತ್ತು. ಎಲ್ಲ ಅಂಗಡಿಯ ಗಾಜಿನಲ್ಲೂ ಒಂದು ಕೆಂಪು ಬೈಕು ನನ್ನ ಜೊತೆಗೇ ಬರುತ್ತಿತ್ತು.

ನಮ್ಮ ಬೀದಿ ಸ್ವಲ್ಪ ಇಳಿಜಾರು. ಅಂಗಡಿಯ ಮುಂದೆ ಬ್ರೇಕ್ ಹಿಡಿದೆ. ಬಲಗಾಲು ಕೆಳಗಿಟ್ಟೆ. ಬಲಗಡೆ ನೆಲ ಇನ್ನೂ ಕೆಳಗಿತ್ತು. ಕಾಲು ಹೋಗುತ್ತ ಹೋಗುತ್ತ ಹೋಯಿತು. ಅದರ ಹಿಂದೆ ನಾನು, ನನ್ನ ಹಿಂದೆ ಬೈಕು. ಬಿದ್ದದ್ದು ಎಷ್ಟು ನಿಧಾನವೆಂದರೆ, ಬೀಳುತ್ತ ನಾನು ಆಟೋದಿಂದ ಇಳಿಯುತ್ತಿದ್ದ ಅಮ್ಮನ ಮುಖ ನೋಡಿದೆ, ಅಮ್ಮ ನನ್ನ ಮುಖ ನೋಡಿದಳು, ಇಬ್ಬರಿಗೂ ಏನೂ ಮಾಡಲಾಗಲಿಲ್ಲ. ಎದುರುಮನೆಯವರ ಗಿಡದ ಕುಂಡವೊಂದು ನಮ್ಮ ಜೊತೆ ಬಂತು.

ಎಲ್ಲರೂ ಓಡಿ ಬಂದು ಬೈಕೆತ್ತಿದರು. ಭಾವ ನನ್ನನ್ನು ಬಿಟ್ಟು ದೀಪದ ಗಾಜು ನೋಡಿದರು. ನಾನು ನೆಲದಲ್ಲಿ ಕೂತೇ ಕೈ, ಮಣಿಕಟ್ಟು, ಮಂಡಿ, ಸೊಂಟ ಎಲ್ಲವನ್ನೂ ಕ್ರಮವಾಗಿ ಆಡಿಸಿ ನೋಡಿಕೊಂಡೆ. ಎಲ್ಲ ಸರಿಯಿತ್ತು. ಪ್ಯಾಂಟು ಮಂಡಿಯಲ್ಲಿ ಹರಿದಿತ್ತು. ಟ್ಯಾಂಕಿನ ಬಲಗಡೆ ಗೇಣುದ್ದದ ಗೀರು, ಕನ್ನಡಿ ಆಕಾಶ ನೋಡುತ್ತಿತ್ತು, ಸೀಟಿನ ಪ್ಲಾಸ್ಟಿಕ್ ಹರಿದು, ರೆಕ್ಸಿನ್ನಿನ ಮೂಲೆ ಒಂದು ಬೆರಳಿನಷ್ಟು ಕಿತ್ತುಬಂದಿತ್ತು.

ನಗು ಎಲ್ಲಿಂದ ಬಂತೋ ಗೊತ್ತಿಲ್ಲ. ಮೊದಲು ನನಗೆ, ಆಮೇಲೆ ಅಕ್ಕನಿಗೆ. ಅವಳು ಬೈಕಿಗೆ ಒರಗಿ ನಗಲು ಹೋಗಿ ಮತ್ತೆ ಅದನ್ನು ಬೀಳಿಸುವುದರಲ್ಲಿದ್ದಳು. ಅಮ್ಮ ಮಾತ್ರ ನಗಲಿಲ್ಲ. ಸೀಟಿನ ಕಿತ್ತ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ನೋಡುತ್ತಿದ್ದಳು. ಅವಳ ಮುಖದಿಂದ ದೊಡ್ಡದೊಂದು ಭಾರ ಇಳಿಯುವುದು ಕಾಣುತ್ತಿತ್ತು.

"ಆಯ್ತಲ್ಲ," ಅಂದಳು. "ಇನ್ನು ಇದು ಹೊಸದಲ್ಲ. ಸೀಟು ಬಿಚ್ಚಿ ಒಳಗೆ ತನ್ನಿ."

ಕುಂಡದ ಮಣ್ಣನ್ನು ಭಾವ ಗುಡಿಸುತ್ತಿದ್ದರು. ಸೀಟು ಮೇಜಿನ ಮೇಲೆ ಬಂತು. ಅಮ್ಮ ಪಿನ್ನುಗಳನ್ನು ಕಿತ್ತು, ಕೆಂಪು ಹೊಲಿಗೆಯ ಹೊದಿಕೆಯನ್ನು ಕಳಚಿ, ಸ್ಪಂಜಿನ ಮೇಲೆ ಗೆರೆ ಎಳೆದಳು. ನನ್ನನ್ನು ಅಳೆಯಲಿಲ್ಲ. ಗೊತ್ತಿತ್ತು. ಸ್ಪಂಜು ಇಳಿಸಿದಮೇಲೆ ಹೊದಿಕೆ ಅಂಚಿನಲ್ಲಿ ಅಷ್ಟೂ ಹೆಚ್ಚಾಗಿ ಉಳಿಯಿತು. ಅಲ್ಲಿ ಅವಳ ಕೈ ತಡೆಯಿತು.

"ಒಳಗೆ ಎಷ್ಟು ಮಡಚಿ ಬಿಡಲಿ?" ಅಂದಳು.

ಅಮ್ಮ ಗಿಡ್ಡ ಮಾಡಿದ ಯಾವ ಬಟ್ಟೆಯಲ್ಲೂ ಹೆಚ್ಚಾದದ್ದನ್ನು ಕತ್ತರಿಸಿ ಎಸೆದಿರುವುದಿಲ್ಲ. ಒಳಗೆ ಮಡಚಿ ಹೊಲಿದಿರುತ್ತಾಳೆ, ಮುಂದೆ ಬೇರೆಯವರಿಗೆ ಹೋದರೆ ಬಿಚ್ಚಿ ಉದ್ದ ಮಾಡಲಿ ಎಂದು. ನನ್ನ ಮೈಮೇಲಿನ ಎಲ್ಲ ಬಟ್ಟೆಯಲ್ಲೂ ಮುಂದೆ ಬರುವ ಯಾರೋ ಉದ್ದನೆಯವರು ಮಡಚಿ ಕೂತಿರುತ್ತಿದ್ದರು.

"ಏನೂ ಬಿಡಬೇಡ," ಅಂದೆ.

"ನಾಳೆ ಯಾರಿಗಾದ್ರೂ ಮಾರೋದಾದ್ರೆ?"

"ಮಾರಲ್ಲ. ಕತ್ತರಿಸು."

ಅಮ್ಮ ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಕತ್ತರಿ ಅಂಚಿನುದ್ದಕ್ಕೂ ಒಂದೇ ಓಟದಲ್ಲಿ ಹೋಯಿತು. ರೆಕ್ಸಿನ್ನಿನ ಉದ್ದನೆಯ ಪಟ್ಟಿ ಸುರುಳಿಯಾಗಿ ನೆಲಕ್ಕೆ ಬಿತ್ತು.

ಅಕ್ಕ ಬಗ್ಗಿ ಆ ಪಟ್ಟಿಯನ್ನು ಎತ್ತಿಕೊಂಡು, ಇಳಿದ ಸೀಟಿನ ಪಕ್ಕ ತನ್ನ ಉದ್ದ ಕಾಲನ್ನು ಇಟ್ಟು ನೋಡಿದಳು.

"ಇನ್ನು ನಾನು ಇದರ ಮೇಲೆ ಕೂತು ಓಡಿಸಿದ್ರೆ ಮಂಡಿ ಬಂದು ಗಲ್ಲಕ್ಕೆ ಹೊಡೆಯುತ್ತೆ ಕಣೇ," ಅಂದಳು.

"ಹೊಡೀಲಿ," ಅಂದೆ.